ಇರು, ಎಣಿಸ್ತಿದೀನಿ

"ಇರು, ಎಣಿಸ್ತಿದೀನಿ." ನಮ್ಮ ಊರುಗಳ ಮಧ್ಯಮವರ್ಗದ ಮನೆಗಳಲ್ಲಿ ಒಂದು ಕಾಲಕ್ಕೆ ಈ ಮಾತಿಗಿದ್ದ ಅಧಿಕಾರ ಹೆಂಗಸರ ಬೇರೆ ಯಾವ ಮಾತಿಗೂ ಇರಲಿಲ್ಲ. ಕುಕ್ಕರ್ ಕೂಗಿದರೆ ಏಳಬೇಕು, ಅತ್ತೆ ಕರೆದರೆ ಓಗೊಡಬೇಕು, ಮಗು ಅತ್ತರೆ ಎತ್ತಿಕೊಳ್ಳಬೇಕು. ಆದರೆ ಕಡ್ಡಿಯ ಮೇಲೆ ನೂರಕ್ಕೂ ಹೆಚ್ಚು ಕುಣಿಕೆ ಇದ್ದು, ಎಣಿಕೆ ಎಪ್ಪತ್ತಮೂರಕ್ಕೆ ಬಂದು ನಿಂತಿರುವಾಗ ಯಾರೇ ಕರೆದರೂ ಕಾಯಬೇಕಿತ್ತು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಎಂಬುದು ಎಲ್ಲರಿಗೂ ಗೊತ್ತು. ಕಾಫಿ ಕೇಳಲು ಬಂದ ಯಜಮಾನರು ಬಾಗಿಲಲ್ಲೇ ನಿಲ್ಲುತ್ತಿದ್ದರು. ಬೆಳಗಿನಿಂದ ರಾತ್ರಿಯವರೆಗೆ ತನ್ನದು ಎನ್ನಲು ಹತ್ತು ನಿಮಿಷವೂ ಇಲ್ಲದ ಗೃಹಿಣಿಗೆ ಆ ಸಾಲು ಮುಗಿಯುವವರೆಗಿನ ಹೊತ್ತು ಪೂರ್ತಿ ಸ್ವಂತದ್ದಾಗಿತ್ತು.

ಮನಸ್ಸಿನ ಆರೈಕೆ ಎಂದೊಡನೆ ಸುವಾಸನೆಯ ಮೇಣದಬತ್ತಿ, ಸ್ಪಾ, ಧ್ಯಾನದ ಆ್ಯಪ್ ಎಂದು ಕೊಳ್ಳುವ ಪಟ್ಟಿಯೊಂದು ಕಣ್ಣಮುಂದೆ ಬರುವ ಕಾಲವಿದು. ಆ ಪಟ್ಟಿಗೆ ಈಗ ಹೆಣಿಗೆಯೂ ಸೇರಿದೆ. ಹೆಣಿಗೆ ಮನಸ್ಸನ್ನು ತಣಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಹೇಗೆ ತಣಿಸುತ್ತದೆ, ಯಾವಾಗ ತಣಿಸುವುದಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಸಾವಧಾನವಾಗಿ ಕೇಳುತ್ತಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕದೆ ಮೊದಲನೆಯದು ಅರ್ಥವಾಗುವುದಿಲ್ಲ ಎಂಬುದು ಈ ಬರಹದ ವಾದ.

ಮೊದಲು ಕೆಲಸವನ್ನೇ ನೋಡೋಣ. ಹೆಣಿಗೆಗೆ ಬೇಕಾದದ್ದು ಎರಡು ಕಡ್ಡಿ, ಒಂದು ಎಳೆ ದಾರ. ನೇಯ್ಗೆಗಾದರೆ ಮಗ್ಗ ಬೇಕು, ಹಾಸು ಹೊಕ್ಕು ಎಂದು ಎರಡು ನೂಲು ಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ದಾರ. ಅದು ಕುಣಿಕೆಯೊಳಗಿಂದ ಕುಣಿಕೆಯಾಗಿ ಹೊರಬರುತ್ತ ಬಟ್ಟೆಯಾಗುತ್ತದೆ. ಚಲನೆಗಳೂ ಎರಡೇ. ಕುಣಿಕೆಯ ಹಿಂದಿನಿಂದ ದಾರ ಎಳೆದರೆ ನಿಟ್, ಮುಂದಿನಿಂದ ಎಳೆದರೆ ಪರ್ಲ್. ಕಾಶ್ಮೀರದ ಕಾಲುಚೀಲವಾಗಲಿ, ಐರ್ಲೆಂಡಿನ ಮೀನುಗಾರರ ಊರಿನ ಜಡೆ ಹೆಣೆದಂಥ ಸ್ವೆಟರ್ ಆಗಲಿ, ಎಲ್ಲ ವಿನ್ಯಾಸವೂ ಈ ಎರಡು ಚಲನೆಗಳ ಜೋಡಣೆ, ಜೊತೆಗೆ ಒಂದಿಷ್ಟು ಕೂಡಿಸುವುದು, ಕಳೆಯುವುದು. ಇಷ್ಟು ಸರಳವಾದ್ದರಿಂದಲೇ ಕೆಲವು ವಾರಗಳ ಅಭ್ಯಾಸದ ನಂತರ ಕೈ ತಾನಾಗಿ ನಡೆಯುತ್ತದೆ. ಕಣ್ಣು ಕಿಟಕಿಯಾಚೆ ಹೋಗಬಹುದು, ಮಾತು ಆಡಬಹುದು, ರೇಡಿಯೊ ಕೇಳಬಹುದು. ಹಾಗಂತ ಗಮನ ಪೂರ್ತಿ ಬಿಟ್ಟು ಹೋಗುವಂತೆಯೂ ಇಲ್ಲ. ಕುಣಿಕೆಯೊಂದು ಜಾರಿದರೆ ಬೆರಳಿಗೆ ಕೂಡಲೇ ತಿಳಿಯುತ್ತದೆ. ಮನಸ್ಸಿನ ಒಂದು ಮೂಲೆ ಮಾತ್ರ ಕಟ್ಟಿಹಾಕಲ್ಪಟ್ಟಿರುತ್ತದೆ. ಚಿಂತೆ ಸುತ್ತಿ ಸುತ್ತಿ ಬರಲು ಬಳಸುವ ಮೂಲೆಯೂ ಅದೇ ಎಂದು ನನಗೆ ಅನ್ನಿಸಿದೆ.

ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲಿ 'ದ ರಿಲ್ಯಾಕ್ಸೇಶನ್ ರೆಸ್ಪಾನ್ಸ್' ಎಂಬ ಪುಸ್ತಕ ಪ್ರಕಟಿಸಿದರು. ಧ್ಯಾನ ಮಾಡುವವರ ಉಸಿರು, ನಾಡಿ, ರಕ್ತದೊತ್ತಡ ಇಳಿಯುವುದನ್ನು ಅವರು ಅಳೆದಿದ್ದರು. ಅದಕ್ಕೆ ನಿರ್ದಿಷ್ಟ ಮಂತ್ರವೇ ಬೇಕಿಲ್ಲ, ಪದವೋ ಪ್ರಾರ್ಥನೆಯೋ ದೇಹದ ಚಲನೆಯೋ ಯಾವುದಾದರೊಂದು ಮರಳಿ ಮರಳಿ ಬರಬೇಕು, ನಡುವೆ ನುಗ್ಗುವ ಯೋಚನೆಗಳ ಜೊತೆ ಜಗಳಕ್ಕಿಳಿಯದೆ ಮತ್ತೆ ಅದಕ್ಕೇ ಹಿಂತಿರುಗಬೇಕು, ಅಷ್ಟು ಸಾಕು ಎಂಬುದು ಅವರ ನಿಲುವು. ಹೆಣಿಗೆಯಲ್ಲಿ ಈ ಎರಡೂ ತಾವಾಗಿಯೇ ಇವೆ. ನಮ್ಮ ಅಜ್ಜಿಯರಿಗೆ ಇದನ್ನು ಹಾರ್ವರ್ಡ್ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಹತ್ತಿಯಿಂದ ಹೂಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ಲಕ್ಷಬತ್ತಿಯ ಹರಕೆ ಹೊತ್ತು ತಿಂಗಳುಗಟ್ಟಲೆ ಬತ್ತಿ ಮಾಡಿ ಡಬ್ಬಿ ತುಂಬುವುದು ಇವೆಲ್ಲ ದೇವರ ಕೆಲಸ ಹೌದು. ಜೊತೆಗೆ ಗಂಡ ತೀರಿಕೊಂಡ, ಮಕ್ಕಳು ದೂರ ಹೋದ ಎಷ್ಟೋ ಹಿರಿಯ ಜೀವಗಳನ್ನು ಸಂಜೆಯವರೆಗೆ ದಾಟಿಸಿದ್ದೂ ಆ ಕೈಕೆಲಸವೇ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವ ಹೆಂಗಸರ ಗುಂಪನ್ನು ನೋಡಿದವರಿಗೂ ಇದು ಗೊತ್ತು. ಅಲ್ಲಿ ಸೂಜಿಗಿಂತ ಹೆಚ್ಚು ಓಡುವುದು ಮಾತು.

ಹೆಣಿಗೆಯ ಇನ್ನೊಂದು ಗುಣವನ್ನು ಸಂಶೋಧಕರು ಅಷ್ಟಾಗಿ ಗಮನಿಸಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಹೆಣೆದದ್ದನ್ನು ಬಿಚ್ಚಬಹುದು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಉಪ್ಪು ಹೆಚ್ಚಾದ ಸಾರು ಮೊದಲಿನಂತಾಗುವುದಿಲ್ಲ. ಹೆಣಿಗೆಯಲ್ಲಿ ತಪ್ಪಾದರೆ ಕಡ್ಡಿ ಕಳಚಿ ದಾರ ಎಳೆದರಾಯಿತು, ತಪ್ಪಾದ ಸಾಲಿನವರೆಗೆ ಸರಸರನೆ ಬಿಚ್ಚಿಕೊಳ್ಳುತ್ತದೆ, ದಾರ ಅಷ್ಟೂ ವಾಪಸ್. ನಮ್ಮ ತಾಯಂದಿರು ಮಗು ಬೆಳೆದಂತೆ ಹಳೇ ಸ್ವೆಟರ್ ಬಿಚ್ಚಿ, ಸುರುಳಿಗಟ್ಟಿದ ದಾರವನ್ನು ಲಡಿ ಮಾಡಿ ತೊಳೆದು, ಒದ್ದೆ ತೂಕಕ್ಕೆ ನೇರವಾಗುವಂತೆ ನೇತುಹಾಕಿ, ಹೊಸ ಬಣ್ಣದ ಉಂಡೆಯೊಂದನ್ನು ಜೊತೆಗೆ ಸೇರಿಸಿ ದೊಡ್ಡ ಅಳತೆಗೆ ಮತ್ತೆ ಹೆಣೆಯುತ್ತಿದ್ದರು. ಪರೀಕ್ಷೆ, ಸಂದರ್ಶನ, ಆಫೀಸಿನ ವಾರ್ಷಿಕ ಮೌಲ್ಯಮಾಪನ ಎಂದು ಒಂದು ತಪ್ಪಿಗೂ ಕ್ಷಮೆ ಇಲ್ಲದ ದಿನಗಳನ್ನು ಕಳೆದು ಬಂದವರಿಗೆ, ತಪ್ಪಿದರೂ ಏನೂ ಕಳೆದುಹೋಗದ ಕೆಲಸವೊಂದು ದಿನಕ್ಕೆ ಅರ್ಧ ಗಂಟೆ ಸಿಗುವುದು ಸಣ್ಣ ವಿಷಯವಲ್ಲ.

ಸಂಶೋಧನೆ ಏನು ಹೇಳುತ್ತದೆ? ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಲಗಾಮು ಹಾಕಬೇಕು. ಈ ವಿಷಯದಲ್ಲಿ ಹೆಚ್ಚು ಕೇಳಿಬರುವ ಹೆಸರು ಬ್ರಿಟನ್ನಿನ ಬೆಟ್ಸನ್ ಕಾರ್ಕ್‌ಹಿಲ್ ಅವರದು. ಅವರು ಫಿಸಿಯೊಥೆರಪಿಸ್ಟ್. ಆಸ್ಪತ್ರೆಯ ಕೆಲಸ ಬಿಟ್ಟು ಕರಕುಶಲ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದಾಗ ಓದುಗರ ಪತ್ರಗಳ ರಾಶಿ ಅವರ ಮುಂದೆ ಬಂತು. ವಿನ್ಯಾಸದ ಬಗ್ಗೆ ಬರೆಯಬೇಕಾದವರು ತಮ್ಮ ನೋವು, ಖಿನ್ನತೆ, ಒಂಟಿತನದ ಬಗ್ಗೆ ಬರೆದಿದ್ದರು, ಹೆಣಿಗೆ ತಮ್ಮನ್ನು ಉಳಿಸಿತು ಎಂದು ಬರೆದಿದ್ದರು. ಅದರ ಬೆನ್ನು ಹತ್ತಿ ಅವರು 2005ರಲ್ಲಿ 'ಸ್ಟಿಚ್‌ಲಿಂಕ್ಸ್' ಸಂಸ್ಥೆ ಕಟ್ಟಿದರು. ಮುಂದೆ ಜಿಲ್ ರೈಲಿ ಮೊದಲಾದವರ ಜೊತೆ ಸೇರಿ ನಡೆಸಿದ ಸಮೀಕ್ಷೆಗೆ 3,545 ಮಂದಿ ಹೆಣೆಯುವವರು ಉತ್ತರಿಸಿದರು. 2013ರಲ್ಲಿ ಅದು 'ಬ್ರಿಟಿಷ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿ'ಯಲ್ಲಿ ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತವಾಗಿ, ಸಂತೋಷವಾಗಿ ಇರುವುದಾಗಿ ಹೇಳಿದ್ದರು. ಗುಂಪಿನಲ್ಲಿ ಕೂತು ಹೆಣೆಯುವವರಿಗೆ ಸ್ನೇಹ, ಒಡನಾಟದ ಲಾಭವೂ ಇತ್ತು.

ಆದರೆ ಉತ್ತರಿಸಿದವರೆಲ್ಲ ಹೆಣಿಗೆಯನ್ನು ಮೊದಲೇ ಪ್ರೀತಿಸುವವರು. ಹೆಣೆದು ಬೇಸತ್ತು ಬಿಟ್ಟವರು ಇಂಥ ಪ್ರಶ್ನಾವಳಿ ತುಂಬುವುದಿಲ್ಲ. ಹಾಗಾಗಿ ಆ ಸಮೀಕ್ಷೆಯನ್ನು ಪುರಾವೆ ಎನ್ನುವುದಕ್ಕಿಂತ ಸಾಕ್ಷಿಗಳ ದೊಡ್ಡ ಸಂಗ್ರಹ ಎನ್ನುವುದು ಸರಿ. ಕೆನಡಾದಲ್ಲಿ ಅನೊರೆಕ್ಸಿಯಾ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ 38 ಹೆಂಗಸರಿಗೆ ಹೆಣಿಗೆ ಕಲಿಸಿ ನೋಡಿದ ಅಧ್ಯಯನವೊಂದು 2009ರಲ್ಲಿ ಬಂತು. ಊಟದ ಬಗ್ಗೆ, ದೇಹದ ಬಗ್ಗೆ ಬಿಡದೆ ಕಾಡುವ ಯೋಚನೆಗಳ ತೀವ್ರತೆ ತಗ್ಗಿತೆಂದು ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೇಳಿದರು. ಸಂಖ್ಯೆ ಚಿಕ್ಕದು, ಆದರೆ ರೋಗಿಗಳು ನಿಜವಾದವರು. ಅಮೆರಿಕದ ಮೇಯೊ ಕ್ಲಿನಿಕ್ 2011ರಲ್ಲಿ ಪ್ರಕಟಿಸಿದ, 70ರಿಂದ 89 ವಯಸ್ಸಿನ 1,321 ಮಂದಿಯ ಅಧ್ಯಯನದಲ್ಲಿ ಓದು, ಆಟ, ಹೆಣಿಗೆಯಂಥ ಕೈಕೆಲಸಗಳಲ್ಲಿ ತೊಡಗಿದವರಲ್ಲಿ ಮರೆವಿನ ಆರಂಭಿಕ ತೊಂದರೆ ಕಡಿಮೆ ಕಂಡಿತು. ಕೈಕೆಲಸದಿಂದ ನೆನಪು ಉಳಿಯಿತೋ, ನೆನಪು ಚೆನ್ನಾಗಿದ್ದವರಷ್ಟೇ ಕೈಕೆಲಸ ಮುಂದುವರಿಸಿದರೋ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಮರಳಿ ಮರಳಿ ಮಾಡುವ ಚಲನೆಯಿಂದ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಏರುತ್ತದೆ ಎಂದು ಅನೇಕ ಕಡೆ ಓದುತ್ತೀರಿ. ಅದರ ಮೂಲ ಪ್ರಿನ್ಸ್‌ಟನ್‌ನ ಬ್ಯಾರಿ ಜೇಕಬ್ಸ್ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳು. ಅಗಿಯುವಾಗ, ನೆಕ್ಕುವಾಗ, ನಡೆಯುವಾಗ ಬೆಕ್ಕಿನ ಮೆದುಳಿನ ಸಿರೊಟೋನಿನ್ ಕೋಶಗಳು ಚುರುಕಾಗುವುದನ್ನು ಅವರು ದಾಖಲಿಸಿದರು. ಅಲ್ಲಿಂದ ಸ್ವೆಟರಿಗೆ ಒಂದೇ ಜಿಗಿತಕ್ಕೆ ಬರುವುದು ಆತುರ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ಖಿನ್ನತೆಯಲ್ಲಿ ಮುಳುಗಿರುವವರಿಗೆ "ಏನಾದರೂ ಕೈಕೆಲಸ ಹಿಡಿ, ಸರಿಹೋಗುತ್ತೆ" ಎನ್ನುವ ಬುದ್ಧಿವಾದ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ನಿದ್ದೆ ಹೋಗಿ ವಾರಗಟ್ಟಲೆ ಆಗಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಕಡ್ಡಿ ಹಿಡಿಯುವ ಮುಂಚೆ ಫೋನ್ ಹಿಡಿಯಬೇಕು. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಔಷಧ ಮತ್ತು ಕೈಕೆಲಸ ಪರಸ್ಪರ ವೈರಿಗಳೇನಲ್ಲ. ಮನೋರೋಗ ಚಿಕಿತ್ಸೆಯ ಪುನರ್ವಸತಿ ವಿಭಾಗಗಳಲ್ಲಿ ಹೊಲಿಗೆ, ಬಡಗಿ ಕೆಲಸ, ಬೇಕರಿ ಇರುವುದು ಸುಮ್ಮನೆ ಅಲ್ಲ. ಈ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂಬ ಹೆಸರಿನಲ್ಲಿ ಮೊದಲ ಸಂಘ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಮೊದಲ ಮಹಾಯುದ್ಧದಿಂದ ದೇಹ, ಮನಸ್ಸು ಎರಡೂ ಒಡೆದು ಬಂದ ಸೈನಿಕರಿಗೆ ಬುಟ್ಟಿ, ನೇಯ್ಗೆ, ಹೆಣಿಗೆ ಕಲಿಸಿದರು. ಅದೇ ಯುದ್ಧದ ಮೊದಲ ವರ್ಷ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ ಮೂರು ಲಕ್ಷ ಜೊತೆ ಕಾಲುಚೀಲ ಬೇಕೆಂದು ದೇಶದ ಹೆಂಗಸರಿಗೆ ಕರೆ ಕೊಟ್ಟಿದ್ದರು. ಮಗನ ಪತ್ರ ಬರಲಿಲ್ಲವೆಂದು ಕಂಗೆಟ್ಟ ತಾಯಿ ಹೆಣೆದ ಕಾಲುಚೀಲ ಹಾಕಿಕೊಂಡು ಹೋದವನು, ಗಾಯಗೊಂಡು ಆಸ್ಪತ್ರೆಯಲ್ಲಿ ತಾನೇ ಹೆಣಿಗೆ ಕಲಿತದ್ದೂ ಉಂಟು.

ಯುದ್ಧಕ್ಕೂ ಎರಡು ವರ್ಷ ಮೊದಲು, 1912ರಲ್ಲಿ, ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ತಾವು ಮದುವೆಯಾಗಲಿದ್ದ ಲಿಯೊನಾರ್ಡ್‌ಗೆ ಬರೆದ ಪತ್ರದಲ್ಲಿ ಹೆಣಿಗೆಯೇ ಜೀವ ಉಳಿಸುತ್ತಿದೆ ಎಂಬರ್ಥದ ಮಾತು ಬರೆದಿದ್ದರು. ಮನಸ್ಸಿನ ಕಾಯಿಲೆಗೆ ಅಂದಿನ ವೈದ್ಯರು ಹೇಳುತ್ತಿದ್ದದ್ದು ಪೂರ್ತಿ ವಿಶ್ರಾಂತಿ. ಓದುವಂತಿಲ್ಲ, ಬರೆಯುವಂತಿಲ್ಲ, ಹೆಚ್ಚು ಹಾಲು ಕುಡಿದು ಮಲಗಬೇಕು. ಬರವಣಿಗೆಯೇ ಉಸಿರಾಗಿದ್ದವರಿಗೆ ಅದು ಎಂಥ ಶಿಕ್ಷೆ ಎಂದು ಊಹಿಸಬಹುದು. ಕಡ್ಡಿಯನ್ನು ಮಾತ್ರ ವೈದ್ಯರು ಕಿತ್ತುಕೊಳ್ಳಲಿಲ್ಲ. ಅಕ್ಕ ವೆನೆಸಾ ಬೆಲ್ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಿಡಿಸಿದ ಚಿತ್ರದಲ್ಲಿ ವುಲ್ಫ್ ಆರಾಮಕುರ್ಚಿಯಲ್ಲಿ ಕೂತು ಕೈಯಲ್ಲಿ ಹೆಣಿಗೆ ಹಿಡಿದಿದ್ದಾರೆ. ಮುಖದ ಗೆರೆಗಳು ಅಸ್ಪಷ್ಟ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಆ ಚಿತ್ರವನ್ನು ನೋಡಿದಾಗ, ಆ ಕ್ಷಣ ಆಕೆ ಯಾರಿಗೂ ಮುಖ ತೋರಿಸಬೇಕಾಗಿಲ್ಲ ಎಂಬ ಸಮಾಧಾನವೇ ನನಗೆ ಕಾಣುತ್ತದೆ.

ಈಗ ಎರಡನೆಯ ಪ್ರಶ್ನೆ. ಹೆಣಿಗೆ ಯಾವಾಗ ತಣಿಸುವುದಿಲ್ಲ?

ಇಂಗ್ಲೆಂಡಿನ ಉತ್ತರದ ಬೆಟ್ಟಸಾಲಿನಲ್ಲಿ ಡೆಂಟ್ ಎಂಬ ಹಳ್ಳಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಗಂಡಸು, ಹೆಂಗಸು, ಮಗು ಎನ್ನದೆ ಎಲ್ಲರೂ ಹೆಣೆಯುತ್ತಿದ್ದರು. ಸೊಂಟದ ಪಟ್ಟಿಗೆ ಮರದ ಕೊಳವೆಯೊಂದನ್ನು ಸಿಕ್ಕಿಸಿ, ಕಡ್ಡಿಯ ಒಂದು ತುದಿಯನ್ನು ಅದರಲ್ಲಿಟ್ಟು, ದನ ಅಟ್ಟುತ್ತಾ ಸಂತೆಗೆ ನಡೆಯುತ್ತಾ ಹೆಣೆಯುತ್ತಿದ್ದರು. ಚಳಿಗಾಲದ ರಾತ್ರಿ ಬೆಂಕಿ, ದೀಪ ಉಳಿಸಲೆಂದು ಒಬ್ಬರ ಮನೆಯಲ್ಲಿ ಎಲ್ಲ ಸೇರಿ, ಮೈ ತೂಗಿಸುತ್ತ, ಹಾಡುತ್ತ ಕೆಲಸ ಮಾಡುತ್ತಿದ್ದರು. ಓದಿದರೆ ಎಂಥ ಚೆಂದದ ಚಿತ್ರ! ಆದರೆ ಕವಿ ರಾಬರ್ಟ್ ಸದಿ ತನ್ನ 'ದ ಡಾಕ್ಟರ್' ಗ್ರಂಥದಲ್ಲಿ ದಾಖಲಿಸಿದ ಕಥೆ ಬೇರೆಯೇ ಇದೆ. ಲ್ಯಾಂಗ್‌ಡೇಲ್ ಎಂಬ ಕಣಿವೆಯಿಂದ ಇಬ್ಬರು ಪುಟ್ಟ ಅಕ್ಕತಂಗಿಯರನ್ನು ಹೆಣಿಗೆ ಕಲಿಯಲೆಂದು ಡೆಂಟ್‌ಗೆ ಕಳಿಸಿದರು. ದೊಡ್ಡವಳಿಗೇ ಏಳೋ ಎಂಟೋ ವರ್ಷ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಹೆಣಿಗೆ, ಯಾರು ಬೇಗ ಹೆಣೆಯುತ್ತಾರೆ ಎಂಬ ಪೈಪೋಟಿ, ಹಿಡಿಸದ ಊಟ, ಮನೆಯ ನೆನಪು. ತಾಳಲಾರದೆ ಆ ಮಕ್ಕಳು ಚಳಿಗಾಲದಲ್ಲಿ ಯಾರಿಗೂ ಹೇಳದೆ ಹೊರಟು, ದಾರಿ ಕೇಳಿಕೊಂಡು, ಬೆಟ್ಟ ದಾಟಿ ನಡೆದೇ ಮನೆ ಸೇರಿದರು. ಮುದುಕಿಯಾದ ಮೇಲೆ ಅವರಲ್ಲಿ ದೊಡ್ಡವಳು ಹೇಳಿಕೊಂಡ ಕಥೆ ಅದು. ಆ ಮಕ್ಕಳ ಕೈಯಲ್ಲಿದ್ದದ್ದೂ ಇದೇ ಕಡ್ಡಿ, ಬೆರಳು ಮಾಡಿದ್ದೂ ಇದೇ ನಿಟ್ ಪರ್ಲ್.

ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಉಂಗುರದೊಳಗಿಂದ ತೂರಿಸಬಹುದಾದಷ್ಟು ನವಿರಾದ ಶಾಲು ಹೆಣೆಯುತ್ತಿದ್ದರು. ವರ್ತಕರು ಅದಕ್ಕೆ ಹಣ ಕೊಡದೆ ಚಹಾ, ಬಟ್ಟೆ ಕೊಡುತ್ತಿದ್ದರು. ಇದರ ತನಿಖೆಗೆ 1872ರಲ್ಲಿ ಸರ್ಕಾರದ ಆಯೋಗವೇ ಹೆಂಗಸರ ಹೇಳಿಕೆ ಪಡೆಯಬೇಕಾಯಿತು. ಇನ್ನೂ ಹತ್ತಿರ ಬಂದರೆ ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರ. ಸ್ಕಾಟಿಷ್ ಮಿಷನರಿಗಳು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಲ್ಲಿ ಕೊಕ್ಕೆಯ ಕಡ್ಡಿಯಿಂದ ಹಾಕುವ ಕ್ರೋಶಾ ಲೇಸ್ ಕಲಿಸಿದರು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಆ ಹೆಂಗಸರ ಬಗ್ಗೆ ಬರೆದ ಪುಸ್ತಕ ಇಂದಿಗೂ ಓದಬೇಕಾದದ್ದು. ಅವರು ದಿನಕ್ಕೆ ಆರೇಳು ಗಂಟೆ ಲೇಸ್ ಹಾಕುತ್ತಿದ್ದರು, ಅದು ಹೊರದೇಶಗಳಿಗೆ ಹೋಗುತ್ತಿತ್ತು, ವರ್ತಕರು ಬೆಳೆಯುತ್ತಿದ್ದರು. ಆದರೆ ಇದನ್ನು ಗೃಹಿಣಿಯರ ಬಿಡುವಿನ ಹವ್ಯಾಸ ಎಂದು ಕರೆದು ಕೂಲಿಯನ್ನು ತೀರ ಕೆಳಗೆ ಇಡಲಾಗಿತ್ತು. ಬಿಡುವು ಎಂಬ ಹೆಸರೇ ಅವರ ದುಡಿಮೆಯನ್ನು ಕಾಣದಂತೆ ಮಾಡಿತ್ತು.

ನಮ್ಮಲ್ಲೇ ನೋಡಿ. ದಕ್ಷಿಣ ಕನ್ನಡದ ಮನೆಗಳ ಜಗುಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ಬೆರಳಿನ ವೇಗ, ಲಯ ಯಾವ ಹೆಣಿಗೆಗಾರರಿಗೂ ಕಡಿಮೆಯಿಲ್ಲ. ಎಲೆ ಕತ್ತರಿಸುವುದು, ಹುಡಿ ತುಂಬುವುದು, ಸುತ್ತುವುದು, ನೂಲು ಕಟ್ಟುವುದು, ಮತ್ತೆ ಎಲೆ. ಮರಳಿ ಬರುವ ಚಲನೆಯೇ ಮನಸ್ಸಿಗೆ ಮದ್ದು ಎನ್ನುವುದಾದರೆ ಅವರಷ್ಟು ನೆಮ್ಮದಿಯವರು ಯಾರೂ ಇರಬಾರದು. ಅವರಿಗೆ ಸಿಕ್ಕಿದ್ದು ಬೆನ್ನುನೋವು, ಹೊಗೆಸೊಪ್ಪಿನ ಘಾಟು, ಸಂಜೆಯೊಳಗೆ ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಒಪ್ಪಿಸುವ ಆತಂಕ. ಸಾವಿರಕ್ಕೆ ಇಷ್ಟು ಎಂಬ ದರ ತಲೆಯ ಮೇಲೆ ಕೂತಾಗ ಅದೇ ಲಯ ನೊಗವಾಗುತ್ತದೆ.

ಹಾಗಾದರೆ ನೆಮ್ಮದಿ ಕಡ್ಡಿಯಲ್ಲಿಲ್ಲ, ದಾರದಲ್ಲಿಲ್ಲ, ಬೆರಳಿನ ಚಲನೆಯಲ್ಲೂ ಪೂರ್ತಿ ಇಲ್ಲ. ಬೇಕಾದಾಗ ಎತ್ತಿಕೊಂಡು ಬೇಡವಾದಾಗ ಕೆಳಗಿಡುವ ಸ್ವಾತಂತ್ರ್ಯದಲ್ಲಿದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ ದಿನದಿಂದ ಶುರುವಾಗಿ, ಯಂತ್ರಗಳು ಕೈಹೆಣಿಗೆಯ ಹೊಟ್ಟೆಪಾಡನ್ನು ನಿಧಾನವಾಗಿ ಕಿತ್ತುಕೊಂಡವು. ಅದರಿಂದ ಎಷ್ಟೋ ಊರು ಬಡವಾದವು. ಹಾಗೆ ಕಿತ್ತುಕೊಂಡ ನಂತರ ಉಳಿದ ಹೆಣಿಗೆಯಷ್ಟೇ ಇವತ್ತು ನಮಗೆ ಸಮಾಧಾನ ಕೊಡುತ್ತಿರುವುದು. ಈ ಚರಿತ್ರೆ ನೆನಪಿಟ್ಟುಕೊಂಡು ಹೆಣೆಯುವುದು ಒಳ್ಳೆಯದು.

ಕನ್ನಡ ನಾಡಿಗೆ ಹೆಣಿಗೆ ಬಂದದ್ದು ತಡವಾಗಿ. ಉಣ್ಣೆ ನಮಗೆ ಹೊಸದಲ್ಲ. ಚಳ್ಳಕೆರೆ ಸೀಮೆಯ ಕುರುಬರ ಕಂಬಳಿಗೆ ದೊಡ್ಡ ಪರಂಪರೆಯಿದೆ. ಆದರೆ ಅದು ಮಗ್ಗದ ನೇಯ್ಗೆ. ಕಡ್ಡಿಯ ಹೆಣಿಗೆ ಇಲ್ಲಿ ಹಬ್ಬಿದ್ದು ಮಿಷನ್ ಶಾಲೆಗಳು, ಕಾನ್ವೆಂಟುಗಳ ಹೊಲಿಗೆ ತರಗತಿಯಿಂದ, ಆಮೇಲೆ ವಾರಪತ್ರಿಕೆಗಳ ಮಹಿಳಾ ಪುಟಗಳಿಂದ. ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿನಂಥ ತಂಪು ಊರುಗಳಲ್ಲಿ ಅದು ಬೇರು ಬಿಟ್ಟಿತು. ಮಗಳು ಬಸುರಿ ಎಂಬ ಸುದ್ದಿ ಬಂದೊಡನೆ ಉಲನ್ ಅಂಗಡಿಗೆ ಹೋಗುವುದು, ತಿಳಿ ಹಳದಿಯೋ ಬಿಳಿಯೋ ಮೂರು ಪ್ಲೈ ದಾರ ತರುವುದು, ಬಾಣಂತನಕ್ಕೆ ಮುಂಚೆ ಕುಲಾವಿ, ಕಾಲುಚೀಲ, ಪುಟ್ಟ ಸ್ವೆಟರ್ ಮುಗಿಸುವುದು ಒಂದು ಕ್ರಮವೇ ಆಗಿತ್ತು. ಅಂಚಿಗೆ 12 ನಂಬರ್ ಕಡ್ಡಿ, ಮೈಗೆ 10 ನಂಬರ್. ನಮ್ಮಲ್ಲಿ ಇಂದಿಗೂ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 10 ಎಂದರೆ 3.25 ಮಿಲಿಮೀಟರ್, 8 ಎಂದರೆ 4. ಲಡಿಯಲ್ಲಿ ಬಂದ ದಾರವನ್ನು ಉಂಡೆ ಸುತ್ತಲು ಮನೆಯ ಮಗುವೊಂದು ಎರಡೂ ಕೈ ಚಾಚಿ ಲಡಿ ಹಿಡಿದು ಕೂರಬೇಕಿತ್ತು. ಅಮ್ಮನ ಎದುರು ಹಾಗೆ ಕೂತು ಕಥೆ ಕೇಳಿದವರು ನಮ್ಮ ತಲೆಮಾರಿನಲ್ಲಿ ಬೇಕಾದಷ್ಟು ಜನ ಇದ್ದೇವೆ.

ಆಮೇಲೆ ಅದು ನಿಂತಿತು. ಬೈಲುಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಲ್ಲಿ ನೆಲೆ ಕಂಡ ಟಿಬೆಟನ್ನರು ಚಳಿಗಾಲದಲ್ಲಿ ನಮ್ಮ ನಗರಗಳ ಬೀದಿಬದಿಯಲ್ಲಿ ಸ್ವೆಟರ್ ಮಾರತೊಡಗಿದರು. ಲೂಧಿಯಾನದ ಕಾರ್ಖಾನೆಗಳ ಮಾಲು ಎಲ್ಲೆಡೆ ತುಂಬಿತು. ಸಿದ್ಧ ಸ್ವೆಟರಿನ ಬೆಲೆಗಿಂತ ಅದಕ್ಕೆ ಬೇಕಾದ ದಾರದ ಬೆಲೆಯೇ ಹೆಚ್ಚಾದಾಗ, ಕೈಯಲ್ಲಿ ಹೆಣೆಯಲು ಲೆಕ್ಕಾಚಾರದ ಕಾರಣವೇ ಉಳಿಯಲಿಲ್ಲ. ಕಡ್ಡಿಗಳು ಟ್ರಂಕಿನ ತಳ ಸೇರಿದವು.

ಈಗ ಅವು ಮತ್ತೆ ಹೊರಬರುತ್ತಿವೆ. 2020ರ ಲಾಕ್‌ಡೌನ್ ಇದಕ್ಕೆ ದೊಡ್ಡ ಕಾರಣ. ಆಗ ಹೆಣಿಗೆ ಕಲಿತ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಪದಕಕ್ಕೆ ಗೀರು ಬೀಳದಿರಲೆಂದು ತಾನೇ ಹೆಣೆದ ಚೀಲ ತೋರಿಸಿದರು. ಸಹ ಆಟಗಾರರ ಸ್ಪರ್ಧೆ ನೋಡುತ್ತ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದ ಅವರ ಚಿತ್ರ ಜಗತ್ತೆಲ್ಲ ಸುತ್ತಿತು. ಮಿಶೆಲ್ ಒಬಾಮ ಕೂಡ ಸಾಂಕ್ರಾಮಿಕದ ದಿನಗಳ ದುಗುಡದಲ್ಲಿ ಹೆಣಿಗೆ ಕಲಿತದ್ದನ್ನು 2022ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಡೇಲಿಯನ್ನು ನೋಡಿ ನಮ್ಮ ಗಂಡಸರೂ ಸಂಕೋಚ ಬಿಡಬೇಕು. ಯುರೋಪಿನ ಹಳೆಯ ಕಾಲದ ಹೆಣಿಗೆ ಸಂಘಗಳಲ್ಲಿ ಪಳಗಿದ ಕುಶಲಿಗಳೆಂದು ಪದವಿ ಪಡೆಯುತ್ತಿದ್ದವರು ಗಂಡಸರೇ. ಪೆರುವಿನ ಟಿಟಿಕಾಕ ಸರೋವರದ ತಕೀಲೆ ದ್ವೀಪದಲ್ಲಿ ಟೋಪಿ ಹೆಣೆಯುವುದು ಇಂದಿಗೂ ಗಂಡಸರ ಕೆಲಸ, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಆ ದ್ವೀಪದ ಜವಳಿ ಕಲೆ ಯುನೆಸ್ಕೊ ಪಟ್ಟಿಯಲ್ಲಿದೆ.

ಬೆಂಗಳೂರಿನ ಹುಡುಗಿಯರು ಈಗ ಹೆಚ್ಚು ಹಿಡಿದಿರುವುದು ಕ್ರೋಶಾ. ಒಂದೇ ಕೊಕ್ಕೆಯ ಕಡ್ಡಿ, ಬೇಗ ಮುಗಿಯುವ ಕೆಲಸ. ಜಪಾನಿನ ಅಮಿಗುರುಮಿ ಗೊಂಬೆ, ಹೂವು, ಕೀ ಚೈನ್ ಎಲ್ಲವನ್ನೂ ಯೂಟ್ಯೂಬ್ ನೋಡಿ ಕಲಿಯುತ್ತಾರೆ. ಅವರಲ್ಲಿ ಹಲವರ ಮುಂದೆ ನಾನು ಒಂದು ಮಾತು ಮತ್ತೆ ಮತ್ತೆ ಕೇಳಿದ್ದೇನೆ, ಮನೆಯವರು, ಸ್ನೇಹಿತರು ಪ್ರೀತಿಯಿಂದಲೇ ಹೇಳುವುದು: "ಎಷ್ಟ್ ಚೆನ್ನಾಗಿದೆ! ಇದನ್ನ ಮಾರಬಹುದಲ್ಲ?" ಮಾರಬೇಕಾದವರು ಮಾರಲಿ, ಒಳ್ಳೆಯ ಬೆಲೆಗೇ ಮಾರಲಿ. ಆದರೆ ಆಫೀಸಿನ ದಣಿವು ಕಳೆಯಲು ಕಡ್ಡಿ ಹಿಡಿದವರು ಮೂರನೇ ತಿಂಗಳಿಗೆ ಆರ್ಡರ್, ಕೊರಿಯರ್, ಗಡುವು, ಇನ್‌ಸ್ಟಾಗ್ರಾಂ ರೀಲು ಎಂದು ರಾತ್ರಿ ನಿದ್ದೆಗೆಡುವುದನ್ನು ಕಂಡಾಗ ನನಗೆ ನೋವಾಗುತ್ತದೆ. ವಿಶ್ರಾಂತಿಗೆಂದು ತೆರೆದ ಒಂದು ಬಾಗಿಲಿನಿಂದಲೂ ಕೆಲಸವೇ ಒಳಗೆ ಬಂತಲ್ಲ. ದಿನದಲ್ಲಿ ಒಂದು ಕೆಲಸವಾದರೂ ಲಾಭಕ್ಕಲ್ಲದೆ, ತೋರಿಕೆಗಲ್ಲದೆ ಇರಲಿ ಎಂದು ಬಯಸುವುದು ಸೋಮಾರಿತನವಲ್ಲ.

ಇದರಲ್ಲಿ ಹೆಂಗಸರಿಗೆ ಇನ್ನೊಂದು ಕಷ್ಟವಿದೆ. ನಮ್ಮ ತಾಯಂದಿರಿಗೆ ಹೆಣೆಯಲು ಅನುಮತಿ ಸಿಕ್ಕಿದ್ದೇ ಅದು ಬೇರೆಯವರಿಗಾಗಿ ಎಂಬ ಕಾರಣಕ್ಕೆ. ಮಗುವಿಗೆ ಸ್ವೆಟರ್, ಮಾವನವರಿಗೆ ಮಫ್ಲರ್. ಆ ಹೆಸರಿನಲ್ಲಿ ಅವರು ತಮಗಾಗಿ ಒಂದಿಷ್ಟು ಹೊತ್ತು ಕದ್ದುಕೊಂಡರು. ಇವತ್ತಿನ ಹೆಣ್ಣುಮಕ್ಕಳು ಕದಿಯಬೇಕಾಗಿಲ್ಲ. ಯಾರಿಗೂ ಆಗದ ಅಳತೆಯ, ಎಲ್ಲೂ ಮುಗಿಯದ ಒಂದು ಪಟ್ಟಿ ಹೆಣೆಯುತ್ತ ಕೂತರೂ ಸರಿಯೇ.

ಶುರು ಮಾಡುವವರಿಗೆ ಒಂದಿಷ್ಟು ಹೇಳುತ್ತೇನೆ. ಕಪ್ಪು, ಕಡುನೀಲಿ ದಾರ ಬೇಡ, ಕುಣಿಕೆ ಕಾಣುವುದಿಲ್ಲ. ರೋಮ ಎದ್ದು ನಿಲ್ಲುವ ಫ್ಯಾನ್ಸಿ ದಾರವೂ ಬೇಡ, ಬಿಚ್ಚಲು ಬರುವುದಿಲ್ಲ. ಅಂಗಡಿಯಲ್ಲಿ ಉಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಕಲಿಯಲು ಅದೇ ಸಾಕು. ಬೇಸಿಗೆಗೆ ಹತ್ತಿ ದಾರ ಇನ್ನೂ ವಾಸಿ. 8 ನಂಬರಿನ ಒಂದು ಜೊತೆ ಕಡ್ಡಿ ತನ್ನಿ. ಬಿದಿರಿನದಾದರೆ ಕುಣಿಕೆ ಬೇಗ ಜಾರುವುದಿಲ್ಲ. ಮೂವತ್ತು ಕುಣಿಕೆ ಏರಿಸಿ, ಎಲ್ಲ ಸಾಲೂ ನಿಟ್ ಮಾತ್ರ ಹಾಕುತ್ತ ಹೋಗಿ. ಮೊದಲ ವಾರ ನೆಮ್ಮದಿ ಸಿಗುವುದಿಲ್ಲ, ಸಿಟ್ಟು ಬರುತ್ತದೆ. ದಾರ ಬಿಗಿಯಾಗಿ ಕಡ್ಡಿಯೇ ಒಳಗೆ ತೂರುವುದಿಲ್ಲ. ಅದು ಎಲ್ಲರಿಗೂ ಆಗುವಂಥದ್ದು, ಬೆರಳು ಸಡಿಲವಾಗುವವರೆಗೆ ತಾಳಿ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಮಣಿಕಟ್ಟು ತಿರುಗಿಸಿ, ಭುಜ ಆಡಿಸಿ. ಹೆಬ್ಬೆರಳಿನ ಬುಡದಲ್ಲಿ ನೋವು ಕಂಡರೆ ಕೆಲವು ದಿನ ನಿಲ್ಲಿಸಿ. ಮಧುಮೇಹ ಇರುವವರು, ಕೈ ಜೋಮು ಹಿಡಿಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಫೋನನ್ನು ಬೇರೆ ಕೋಣೆಯಲ್ಲಿಡಿ. ಎರಡೂ ಕೈ ತುಂಬಿರುವಾಗ ಅದನ್ನು ಮುಟ್ಟಲಾಗುವುದಿಲ್ಲ ಎಂಬುದೇ ಈ ಕಾಲಕ್ಕೆ ಹೆಣಿಗೆ ಕೊಡುವ ದೊಡ್ಡ ವರ.

ವಿಡಿಯೊ ನೋಡಿ ಕಲಿಯಬಹುದು, ತಪ್ಪೇನಿಲ್ಲ. ಆದರೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೆಣಿಗೆ ಬಲ್ಲ ಹಿರಿಯರೊಬ್ಬರು ಖಂಡಿತ ಇರುತ್ತಾರೆ. ಇಪ್ಪತ್ತು ವರ್ಷಗಳಿಂದ ಅವರನ್ನು ಯಾರೂ ಏನನ್ನೂ ಕಲಿಸಿಕೊಡಿ ಎಂದು ಕೇಳಿರುವುದಿಲ್ಲ. ಈ ಭಾನುವಾರ ಒಂದು ಉಂಡೆ ದಾರ, ಒಂದು ಜೊತೆ ಕಡ್ಡಿ ತೆಗೆದುಕೊಂಡು ಅವರ ಹತ್ತಿರ ಹೋಗಿ ಕೂತುಕೊಳ್ಳಿ.